ಮುನ್ನೂರ ಹದಿನಾರು ಕ್ಲಿಯರ್ ಇಲ್ಲ

ಮುನಿರಾಮಯ್ಯ ಅಣ್ಣನ ಹೆಣ ಇಳಿಸಿದ್ದ ಗುಂಡಿಯ ಅಂಚಿನಲ್ಲಿ ಕೂತು ಹಿಡಿ ಮಣ್ಣು ತೆಗೆದುಕೊಂಡಿದ್ದ. ಅಣ್ಣನ ಮಗ ಜಯಕುಮಾರ್ ಅವನ ಮಣಿಕಟ್ಟು ಹಿಡಿದು ಆ ಮಣ್ಣನ್ನು ಕೊಡವಿ ಬೀಳಿಸಿದ.

"ಮೊದ್ಲು ಮುನ್ನೂರ ಹದಿನಾರರ ಸಮಾಚಾರ ಹೇಳು ಚಿಕ್ಕಪ್ಪ. ಆಮೇಲೆ ಮಣ್ಣು ಹಾಕು."

ಗುಂಡಿಯೊಳಗಿದ್ದ ಆದಿನಾರಾಯಣಪ್ಪ ಮಿಲಿಟರಿಯಲ್ಲಿ ಇಪ್ಪತ್ನಾಲ್ಕು ವರ್ಷ ರೈಫಲ್ ರಿಪೇರಿ ಮಾಡಿ ಸೂಲಿಬೆಲೆ ಪಕ್ಕದ ಈ ಊರಿಗೆ ಮರಳಿದವನು. ಕೊನೆಯ ಮೂರು ದಿನ ಅವನು ಆಡಿದ್ದು ಒಂದೇ ಮಾತು: ಮುನ್ನೂರ ಹದಿನಾರು ಕ್ಲಿಯರ್ ಇಲ್ಲ. ಅದು ತಮ್ಮ ಮುನಿರಾಮಯ್ಯನ ಪಾಲಿಗೆ ಬಂದ ಹೊಲದ ಸರ್ವೆ ನಂಬರು. ಏರ್‌ಪೋರ್ಟ್ ಬಂದಮೇಲೆ ಈ ಕಡೆ ಕ್ಲಿಯರ್ ಅಂದರೆ ಜಮೀನಿನ ಕಾಗದಪತ್ರ, ಬೇರೆ ಅರ್ಥ ಯಾರ ತಲೆಗೂ ಹೊಳೆಯುವುದಿಲ್ಲ. ಚಿಕ್ಕಪ್ಪ ಮೋಸದಿಂದ ಬರೆಸಿಕೊಂಡಿದ್ದಾನೆ ಎಂದು ಜಯಕುಮಾರ್ ತೀರ್ಮಾನಿಸಿಬಿಟ್ಟಿದ್ದ.

ಮೂರು ತಿಂಗಳು ಅಣ್ಣನ ಹೇಲು ಉಚ್ಚೆ ಬಳಿದವನು ಮುನಿರಾಮಯ್ಯ.

"ನಿಮ್ಮಪ್ಪನ ಎದ್ರಿಗೇ ನನ್ನ ಕಳ್ಳ ಅಂದ್ಬಿಟ್ಟೆ," ಎಂದಷ್ಟೇ ಹೇಳಿ ಎದ್ದು ಹೋದ. ಊರವರು ಯಾರೂ ತಡೆಯಲಿಲ್ಲ.

ಮಣ್ಣು ಮುಚ್ಚುವ ಹೊತ್ತಿಗೆ ದೊಡ್ಡಬೆಳವಂಗಲದಿಂದ ಚಿನ್ನಸ್ವಾಮಿ ಬಂದ. ಸತ್ತವನ ಪಲ್ಟನ್ನಿನಲ್ಲೇ ಇದ್ದ ಗೆಳೆಯ. ನಡೆದದ್ದನ್ನು ಕೇಳಿ ಜಯಕುಮಾರನ ತೋಳು ಹಿಡಿದ.

"ಅದು ಹೊಲದ ನಂಬರ್ ಅಲ್ಲ ಕಣಪ್ಪ. ಬಂದೂಕಿಂದು."

*

ಸೈನ್ಯಕ್ಕೆ ಹೊಸ ರೈಫಲ್ ಬಂದ ಕಾಲ. ಮೂರು ದಶಕ ಸಿಪಾಯಿಗಳ ಹೆಗಲೇರಿದ್ದ ಎಸ್‌ಎಲ್‌ಆರ್‌ ಬಂದೂಕುಗಳನ್ನೆಲ್ಲ ವಾಪಸು ಕೊಡಬೇಕಿತ್ತು. ಒಂದೊಂದರೊಳಗೂ ಕಣ್ಣಿಟ್ಟು, ಗುಂಡು ಉಳಿದಿಲ್ಲವೆಂದು ನೋಡಿ "ಕ್ಲಿಯರ್" ಎಂದು ಕೂಗುವುದು ಆದಿನಾರಾಯಣಪ್ಪನ ಕೆಲಸ. ಬರೆದುಕೊಳ್ಳುವುದು ಚಿನ್ನಸ್ವಾಮಿಯದು.

ಒಂದರ ಮೇಲೆ ಮುನ್ನೂರ ಹದಿನಾರು ಎಂದು ಬರೆದಿತ್ತು.

"ನೋಡ್ಲಾ, ನಮ್ಮೂರ ಹೊಲದ ನಂಬರು. ನನ್ ತಮ್ಮ ಈ ಸಲ ಅವರೆ ಹಾಕವ್ನೆ," ಎಂದು ಆದಿನಾರಾಯಣಪ್ಪ ನಕ್ಕ. ಆ ನಗುವಿನಲ್ಲೇ, ಒಳಗೆ ನೋಡದೆ, ಕ್ಲಿಯರ್ ಎಂದ.

ಮಧ್ಯಾಹ್ನ ಅದಕ್ಕೆ ಎಣ್ಣೆ ಹಚ್ಚುತ್ತಿದ್ದವನ ಕೈಯಲ್ಲಿ ಗುಂಡು ಹಾರಿತು. ಎದುರಿಗೆ ಕೂತಿದ್ದ ಸಿಪಾಯಿ ಸತ್ತ, ಮದುವೆಯಾಗಿ ಎರಡು ತಿಂಗಳಾಗಿತ್ತು. ವಿಚಾರಣೆಯಲ್ಲಿ ಆದಿನಾರಾಯಣಪ್ಪ ತಾನು ನೋಡಿಯೇ ಹೇಳಿದ್ದೆಂದ. ಚಿನ್ನಸ್ವಾಮಿ ಹೌದೆಂದ. ಎಣ್ಣೆ ಹಚ್ಚುತ್ತಿದ್ದವನು ಜೈಲಿಗೆ ಹೋದ.

*

ಜಯಕುಮಾರ್ ಚಿಕ್ಕಪ್ಪನ ಮನೆಗೆ ಓಡಿದ. ಕಾಲು ಹಿಡಿದಾದರೂ ಕರೆತಂದು ಮಣ್ಣು ಹಾಕಿಸಬೇಕು.

ಸತ್ತವನ ಅಣ್ಣತಮ್ಮಂದಿರ ಮನೆಗಳಲ್ಲಿ ಹನ್ನೊಂದು ದಿನ ಒಗ್ಗರಣೆ ಹಾಕುವುದಿಲ್ಲ. ಹಾಕಿದರೆ ಸೂತಕವಿಲ್ಲ, ಸಂಬಂಧವೂ ಇಲ್ಲ ಎಂದರ್ಥ.

"ಚಿಕ್ಕಪ್ಪಾ," ಎಂದು ಅವನು ಬಾಗಿಲಲ್ಲಿ ನಿಂತ.

ಮುನಿರಾಮಯ್ಯ ಒಲೆಯ ಮುಂದೆ ಕೂತಿದ್ದ. ಹೆಂಡತಿ ಭಾಗ್ಯಮ್ಮ ಬೇಡ ಬೇಡವೆಂದು ಅಳುತ್ತ ಅವನ ತೋಳು ಹಿಡಿದಿದ್ದಳು. ಅವನು ತಿರುಗಿ ಜಯಕುಮಾರನ ಮುಖ ನೋಡಿದ. ಹೆಂಡತಿಯ ಕೈ ಬಿಡಿಸಿಕೊಂಡು ಕಾದ ಎಣ್ಣೆಗೆ ಸಾಸಿವೆ ಹಾಕಿದ. ಅದು ಚಟಪಟ ಸಿಡಿಯತೊಡಗಿತು.