ವಾಲುವ ಮಿಷನ್ನಿಗೆ ಹೆಗಲು ಕೊಡಬೇಡಿ

ಊರ ದಾರಿಯಲ್ಲಿ ಲೋಡಿನ ಗಾಡಿ ಹೂತುಕೊಂಡರೆ ಯಾರನ್ನೂ ಕರೆಯಬೇಕಿಲ್ಲ. ಹೊಲಕ್ಕೆ ಹೊರಟವನು ನೇಗಿಲು ಇಳಿಸುತ್ತಾನೆ, ಮದುವೆಗೆ ಹೊರಟವನು ಪಂಚೆ ಎತ್ತಿ ಕಟ್ಟುತ್ತಾನೆ, ಬಂದು ಹೆಗಲು ಕೊಡುತ್ತಾನೆ. ಕೊಡದೆ ಹೋದವನನ್ನು ಊರು ಮರೆಯುವುದಿಲ್ಲ. ತಾಯಲೂರು ಕಡೆಯ ವೆಂಕಟರಾಯಪ್ಪ ಇಂಥ ಊರಲ್ಲಿ ಬೆಳೆದವನು. ಒಂದು ಸಲ ಕಲ್ಲುಚಪ್ಪಡಿ ಹೇರಿದ ಗಾಡಿ ಕೆರೆ ಏರಿಯ ಮೇಲೆ ವಾಲಿದಾಗ, ಎತ್ತುಗಳ ಕೊರಳ ಹಗ್ಗ ಬಿಚ್ಚುವವರೆಗೂ ಒಬ್ಬನೇ ಹೆಗಲು ಕೊಟ್ಟು ನಿಂತಿದ್ದ. ಆ ಕತೆಯನ್ನು ಊರಿನವರು ಹೇಳುತ್ತಿದ್ದರು. ಊರಿನವರು ಸುಮ್ಮನಿದ್ದರೆ ಅವನೇ ಹೇಳುತ್ತಿದ್ದ.

ಈಗ ಅವನಿಗೂ ಅವನ ಹೆಂಡತಿ ಅಶ್ವತ್ಥಮ್ಮನಿಗೂ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಅವನು ಹೆಂಚು ಒತ್ತುವ ಪ್ರೆಸ್ಸಿನ ಹತ್ತಿರ, ಅವಳು ಮಣ್ಣು ಹೊರುವ ಹೆಂಗಸರ ಜೊತೆ. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಸಾಹುಕಾರರು ಹೊಸ ಶೆಡ್ಡು ಕಟ್ಟಿಸಿದರು. ಹಳೇ ಶೆಡ್ಡಿನ ದೊಡ್ಡ ಪ್ರೆಸ್ಸನ್ನು ಅಂಗಳ ದಾಟಿಸಿ ಅಲ್ಲಿ ಕೂರಿಸಬೇಕಿತ್ತು. ಮೂರು ಟನ್ನಿನ ಕಬ್ಬಿಣ. ದೂರ ಎಂದರೆ ಅರವತ್ತು ಹೆಜ್ಜೆ.

ದಾಟಿಸುವ ಹಿಂದಿನ ದಿನ ಊಟದ ಹೊತ್ತಿಗೆ ಫಿಟ್ಟರ್ ಲಕ್ಷ್ಮೀನಾರಾಯಣ ಎಲ್ಲರನ್ನೂ ಕರೆದು ಕೂರಿಸಿದ. ಮುಳಬಾಗಿಲಿನ ಪುರೋಹಿತರ ಮನೆಯವನು, ಪಂಚಾಂಗ ಬಿಟ್ಟು ಸ್ಪ್ಯಾನರ್ ಹಿಡಿದವನು. ಮಾತು ಕಡಿಮೆ. ಅಂದು ಮಾತ್ರ ಬಿಡಿಸಿ ಬಿಡಿಸಿ ಹೇಳಿದ.

"ಪ್ರೆಸ್ಸನ್ನ ದಿಮ್ಮಿ ಮೇಲೆ ಕಟ್ಟಿ, ಕೆಳಗೆ ಕಬ್ಬಿಣದ ಪೈಪು ಕೊಟ್ಟು ಉರುಳಿಸ್ತೀವಿ. ಎರಡು ಕಡೆ ಸುಣ್ಣದ ಗೆರೆ ಎಳೀತೀನಿ. ಗೆರೆ ಒಳಗೆ ಏಳೇ ಜನ. ಎಂಟನೆಯೋನು ನೋಡೋಕೂ ಬರಬಾರದು. 'ತಳ್ಳಿ' ಅನ್ನೋನು ನಾನೊಬ್ಬನೇ. ಆದ್ರೆ 'ನಿಲ್ಲಿಸಿ' ಅಂತ ಯಾರು ಬೇಕಾದ್ರೂ ಕೂಗಬಹುದು. ಸಾಹುಕಾರ್ರು ಕೂಗಲಿ, ಕಸ ಗುಡಿಸೋರು ಕೂಗಲಿ, ತಕ್ಷಣ ಕೈ ತೆಗೀರಿ. ಯಾಕೆ ಅಂತ ಆಮೇಲೆ ಕೇಳೋಣ."

"ಅರವತ್ತು ಹೆಜ್ಜೆಗೆ ಇಷ್ಟೊಂದು ಪುರಾಣವಾ ಸ್ವಾಮಿ?" ಎಂದ ವೆಂಕಟರಾಯಪ್ಪ. "ಸರಿ, ವಾಲಿದ್ರೆ?"

"ವಾಲಿದ್ರೆ ಬಿಟ್ಟು ಓಡಿ. ಗೆರೆ ಆಚೆಗೆ."

ವೆಂಕಟರಾಯಪ್ಪ ಹೊಟ್ಟೆ ಹಿಡಿದು ನಕ್ಕ. "ಓಡೋದಾ? ಓಡೋನು ಮೇಕೆ ಕದ್ದೋನು. ವಾಲಿದ್ದಕ್ಕೆ ಹೆಗಲು ಕೊಡೋನು ಗಂಡಸು."

ಎಲ್ಲರೂ ನಕ್ಕರು. ಲಕ್ಷ್ಮೀನಾರಾಯಣ ನಗಲಿಲ್ಲ. "ನಿನ್ನ ಗಾಡಿಗೆ ಚಕ್ರ ಇತ್ತಪ್ಪಾ. ಒಂದು ಚಕ್ರ ನೆಲದ ಮೇಲೇ ಇತ್ತು, ಭಾರ ಎಲ್ಲಾ ಅದೇ ಹೊತ್ತಿತ್ತು. ನೀನು ಕೊಟ್ಟಿದ್ದು ಒಂದು ಆಸರೆ ಅಷ್ಟೆ. ಈ ಪ್ರೆಸ್ಸಿಗೆ ಭಾರ ಎಲ್ಲಾ ತಲೆ ಕಡೆ. ಒಂದು ಸಲ ವಾಲೋಕೆ ಶುರುವಾದ್ರೆ ನಿನ್ನಂಥೋರು ಇಪ್ಪತ್ತು ಜನ ಸೇರಿದ್ರೂ ನಿಲ್ಲಲ್ಲ. ನಾನು ಕೆಲಸ ಕಲಿತ ಕಡೆ ಒಬ್ಬ ಬೀಳೋ ಲೇತ್ ಮಿಷನ್ನಿಗೆ ಕೈ ಒಡ್ಡಿದ. ಆಮೇಲೆ ಅವನು ಆ ಕೈಲಿ ಅನ್ನ ಕಲಸಲಿಲ್ಲ."

ಹೆಂಗಸರ ಸಾಲಿನಲ್ಲಿ ಕೂತಿದ್ದ ಅಶ್ವತ್ಥಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಸಂಜೆ ಮನೆಯಲ್ಲಿ ಮುದ್ದೆ ಬಡಿಸುತ್ತಾ ಕೇಳಿದಳು.

"ಇಗೋ ನೋಡಯ್ಯ, ನಾಳೆ ಹೆಗಲು ಕೊಡಲ್ಲ ಅಂತ ಮಕ್ಕಳ ಮೇಲೆ ಆಣೆ ಇಡು."

"ಮಕ್ಕಳ ಮೇಲೆಲ್ಲ ಆಣೆ ಇಡಬಾರದು ಕಣೇ."

"ಹಾಗಾದ್ರೆ ನನ್ನ ಮೇಲೆ ಇಡು."

"ಸಾರು ಹಾಕು" ಎಂದ ಅವನು.

ಅವಳು ಸಾರು ಹಾಕಿದಳು. ಗಂಡ ಹಟಮಾರಿ ಎಂದು ಮದುವೆಯಾದ ವಾರಕ್ಕೇ ಗೊತ್ತಾಗಿತ್ತು, ಅದಕ್ಕೆ ಹೆದರುವವಳಲ್ಲ. ಬೀಡಿ ಬಿಡಿಸಿದ್ದಳು, ಇಸ್ಪೀಟು ಬಿಡಿಸಿದ್ದಳು. ಕೆಟ್ಟ ಅಭ್ಯಾಸವನ್ನು ಜಗಳ ಆಡಿಯಾದರೂ ಬಿಡಿಸಬಹುದು. ಒಳ್ಳೆಯ ಅಭ್ಯಾಸವನ್ನು ಬಿಡಿಸುವುದು ಹೇಗೆ? ವಾಲಿದ್ದು ಕಂಡರೆ ಅವನ ಹೆಗಲು ಅವನನ್ನೂ ಕೇಳದೆ ಮುಂದೆ ಹೋಗುತ್ತದೆ. ಅದೇ ಅವಳ ಭಯ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಚನ್ನರಾಯಪ್ಪ ಪ್ರೆಸ್ಸಿನ ಮುಂದೆ ಕುಂಬಳಕಾಯಿ ಒಡೆದ. ಲಕ್ಷ್ಮೀನಾರಾಯಣ ಕೈಮುಗಿದು, ಆ ಚೂರುಗಳನ್ನೆಲ್ಲ ತಾನೇ ಗುಡಿಸಿ ತೆಗೆದ. ಕಾಲು ಜಾರಿದರೆ ದೇವರು ಹಿಡಿಯಲು ಬರುವುದಿಲ್ಲ ಎಂದ. ಅಂಗಳದ ಉದ್ದಕ್ಕೂ ನಡೆದು ಎರಡು ಬಿಳಿ ಗೆರೆ ಎಳೆದ. ಹೆಜ್ಜೆಹೆಜ್ಜೆಗೂ ಕಾಲಿಂದ ಗುದ್ದಿ ನೋಡಿದ. ನೆಲ ಗಟ್ಟಿಯಾಗೇ ಇತ್ತು.

ಪೈಪುಗಳ ಮೇಲೆ ಪ್ರೆಸ್ಸು ಉರುಳತೊಡಗಿತು. "ತಳ್ಳಿ" ಎಂದರೆ ಒಂದು ಮೊಳ. ಹಿಂದೆ ಉಳಿದ ಪೈಪನ್ನು ತಂದು ಮುಂದೆ ಕೊಡುವುದು, ಮತ್ತೆ "ತಳ್ಳಿ." ವೆಂಕಟರಾಯಪ್ಪ ಬಲಗಡೆ ಇದ್ದ, ಹೆಗಲ ಮೇಲೆ ಟವಲ್ಲು. ಅದೇ ಕಡೆಯ ಗೆರೆಯ ಆಚೆ, ಮಣ್ಣು ಹೊರುವ ಮಂಕರಿ ಹಿಡಿದು ನಿಂತಿದ್ದ ಅಶ್ವತ್ಥಮ್ಮನಿಗೆ ಆ ಟವಲ್ಲೊಂದೇ ಕಾಣುತ್ತಿತ್ತು.

ಮೂವತ್ತು ಹೆಜ್ಜೆ ದಾಟಿತು. ಆಗ ಅವಳ ಮನಸ್ಸಿಗೆ ಏನೋ ಚುಚ್ಚಿತು. ಚಿಕ್ಕ ಮಗಳು ಹೊಟ್ಟೆಯಲ್ಲಿದ್ದಾಗ ಇಲ್ಲೇ ಎಲ್ಲೋ ಬುಟ್ಟಿಗಟ್ಟಲೆ ಬೂದಿ ಹೊತ್ತು ಸುರಿದಿದ್ದೆನಲ್ಲ?

"ಕದಿರಮ್ಮಕ್ಕಾ, ಆ ಹಳೇ ಗುಂಡಿ ಎಲ್ಲಿತ್ತು? ಮಣ್ಣು ನೆನೆಹಾಕ್ತಿದ್ದ ಗುಂಡಿ?"

ಕದಿರಮ್ಮ ಅಲ್ಲಿ ಎಲ್ಲರಿಗಿಂತ ಹಳಬಳು. "ಹೊಂಗೆ ಮರದ ಪಕ್ಕದಲ್ಲಿ ಕಣೇ."

"ಹೊಂಗೆ ಮರ ಎಲ್ಲಿತ್ತು?"

"ಅದನ್ನ ಕಡಿದುಬಿಟ್ರಲ್ಲ. ಈಗ ಎಲ್ಲಿ ಅಂತ ತೋರಿಸಲಿ? ನಾವೇ ಅಲ್ವಾ ಬೂದಿ, ಒಡಕು ಹೆಂಚು ತುಂಬಿ ಮುಚ್ಚಿದ್ದು. ಮೇಲೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದ್ರು."

"ಈ ಮೇಸ್ತ್ರಿಗೆ ಗೊತ್ತಾ?"

"ಅವನು ಬಂದಿದ್ದು ಹೋದ ವರ್ಷ. ಬಿಡೇ, ದೊಡ್ಡೋರೆಲ್ಲ ನೋಡಿರ್ತಾರೆ."

ದೊಡ್ಡವರು ನೋಡಿದ್ದರು, ನಿಜ. ಆದರೆ ಬುಟ್ಟಿ ಹೊತ್ತವರನ್ನು ಕೇಳಿರಲಿಲ್ಲ. ಅಶ್ವತ್ಥಮ್ಮ ಅಂಗಳವನ್ನು ಕಣ್ಣಲ್ಲೇ ಅಳೆದಳು. ಮರವಿಲ್ಲ, ಗುಂಡಿಯ ಗುರುತೂ ಇಲ್ಲ. ನೀರಿನ ತೊಟ್ಟಿಯ ಗೋಡೆಯಲ್ಲಿ ಇಟ್ಟಿಗೆ ಮುಚ್ಚಿದ ಒಂದು ಕಂಡಿ ಇತ್ತು. ಗುಂಡಿಗೆ ನೀರು ಹರಿಯುತ್ತಿದ್ದದ್ದು ಅದರಿಂದಲೇ. ಗುಂಡಿ ಅಲ್ಲಿಂದ ನೆಟ್ಟಗೆ ಎಂಟು ಹೆಜ್ಜೆ ಇತ್ತೆಂದು ನೆನಪಾಗಿ, ಕಣ್ಣಲ್ಲೇ ಎಣಿಸಿದಳು. ಎಂಟನೇ ಹೆಜ್ಜೆ ಎರಡು ಬಿಳಿ ಗೆರೆಗಳ ನಡುವೆ ಬಿತ್ತು. ಪ್ರೆಸ್ಸು ಅಲ್ಲಿಗೆ ಎರಡು ಮೊಳ ದೂರದಲ್ಲಿತ್ತು.

ಕೂಗಬೇಕು. ತಪ್ಪಾದರೆ? ಸಾಹುಕಾರರು ಅಲ್ಲೇ ನಿಂತಿದ್ದಾರೆ. ಐವತ್ತು ಗಂಡಸರು ನೋಡುತ್ತಿದ್ದಾರೆ. ಅವಳು ಮಂಕರಿ ಕೆಳಗಿಟ್ಟಳು. "ತಳ್ಳಿ" ಎಂದ ಲಕ್ಷ್ಮೀನಾರಾಯಣ. ಇನ್ನೊಂದು ಮೊಳ.

"ನಿಲ್ಲಿಸೀ!"

ಏಳು ಜನರೂ ಕೈ ತೆಗೆದರು. "ಯಾವಳೇ ಅದು?" ಎಂದು ಚನ್ನರಾಯಪ್ಪ ಗದರಿದ. ಲಕ್ಷ್ಮೀನಾರಾಯಣ ಕೈ ಎತ್ತಿ ಅವನನ್ನು ಸುಮ್ಮನಿರಿಸಿ, "ಯಾಕಮ್ಮಾ?" ಎಂದ.

"ಗುಂಡಿ ಸ್ವಾಮಿ! ಕೆಳಗೆ ಗುಂಡಿ ಇದೆ! ಬರೀ ಬೂದಿ!"

ಅವಳ ಮಾತು ಮುಗಿಯುವ ಮೊದಲೇ ಮುಂದಿನ ಪೈಪಿನ ಕೆಳಗೆ ನೆಲ ಬಿರುಕು ಬಿಟ್ಟಿತು. ಪೈಪಿನ ಬಲತುದಿ ಒಳಗೆ ಇಳಿಯಿತು. ಪ್ರೆಸ್ಸು ಒಮ್ಮೆ ಕಿರುಗುಟ್ಟಿ ಮೆಲ್ಲಗೆ, ಬಹಳ ಮೆಲ್ಲಗೆ, ಬಲಗಡೆ ವಾಲತೊಡಗಿತು. "ಬಿಡಿ! ಓಡಿ!" ಎಂದು ಲಕ್ಷ್ಮೀನಾರಾಯಣ ಕಿರುಚಿದ. ಆರು ಜನ ಓಡಿದರು. ವೆಂಕಟರಾಯಪ್ಪ ಟವಲ್ಲು ಮಡಿಸಿ ಹೆಗಲಿಗೆ ಒತ್ತಿಕೊಂಡು ಮುಂದಕ್ಕೆ ಹೆಜ್ಜೆ ಇಟ್ಟ.

ಅಶ್ವತ್ಥಮ್ಮ ಗೆರೆಯ ಅಂಚಿಗೆ ನುಗ್ಗಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಕದಿರಮ್ಮನ ಕೈಲಿ ಹೇಳಿಸಿದ್ದಳು.

"ಲೇ ವೆಂಕಟರಾಯಪ್ಪಾ! ಬಿಡೋ!"

ಅವನು ತಿರುಗಿಬಿಟ್ಟ. ಓಡಬೇಕೆಂದಲ್ಲ. ತನ್ನ ಹೆಸರು ಹೆಂಡತಿಯ ಬಾಯಲ್ಲಿ, ಅದೂ ಐವತ್ತು ಜನರ ಎದುರಿಗೆ! ಕೋಪವೋ ಆಶ್ಚರ್ಯವೋ, "ಏನಂದೆ?" ಎಂದು ಅವಳ ಕಡೆಗೆ ನಾಲ್ಕು ಹೆಜ್ಜೆ ಬಂದ. ತಿರುಗಿದಾಗಲೇ ಹೆಗಲಿನ ಟವಲ್ಲು ಅಲ್ಲೇ ಜಾರಿ ಬಿದ್ದಿತ್ತು. ಹಿಂದೆ ಮೂರು ಟನ್ನು ಕಬ್ಬಿಣ ದಢಾರನೆ ನೆಲಕ್ಕೆ ಬಿತ್ತು. ಬೂದಿ ಮೇಲೆದ್ದು ಯಾರಿಗೆ ಯಾರೂ ಕಾಣಲಿಲ್ಲ.

ಸಾಹುಕಾರರು ಪ್ರೆಸ್ಸಿನ ಕಡೆ ನೋಡಲಿಲ್ಲ. "ಏಳು ಜನಾನೂ ಇದ್ದಾರಾ? ಎಣಿಸ್ರೋ, ಎಣಿಸ್ರೋ" ಎನ್ನುತ್ತಾ ಬೂದಿಯೊಳಗೆ ಕೈ ಆಡಿಸುತ್ತಿದ್ದರು. ಏಳು ಜನವೂ ಇದ್ದರು. ಅಶ್ವತ್ಥಮ್ಮ ಮಂಕರಿಯ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು.

ಲಕ್ಷ್ಮೀನಾರಾಯಣ ಹಾರೆ ತರಿಸಿ ನೆಲಕ್ಕೆ ಒತ್ತಿದ. ಆಳುದ್ದದ ಹಾರೆ ಮುದ್ದೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಅವನು ಎಲ್ಲರೆದುರು ಹೇಳಿದ: "ತಪ್ಪು ನಂದು. ಕಾಲಲ್ಲಿ ಗುದ್ದಿ ನೋಡಿದೆ, ಹಾರೆ ಹಾಕಿ ನೋಡಲಿಲ್ಲ. ಇಲ್ಲಿನ ಹಳಬರನ್ನ ಕೇಳಲಿಲ್ಲ. ಈ ತಾಯಿ ಕೂಗದೇ ಇದ್ದಿದ್ರೆ ಏಳು ಜನರ ಕೈಯೂ ಪ್ರೆಸ್ಸಿನ ಮೇಲೇ ಇರ್ತಿತ್ತು."

ವೆಂಕಟರಾಯಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಜೊತೆಯವರು ಬಿಡಬೇಕಲ್ಲ! "ಏನಣ್ಣಾ, ಅತ್ತಿಗೆ ಇನ್ನೊಂದು ಸಲ ಹೆಸರು ಹಿಡಿದು ಕರೀತಾರಾ?" ಎಂದು ಗೋಳು ಹೊಯ್ದುಕೊಂಡರು. ಮೂರನೇ ದಿನ ಗಟ್ಟಿ ನೆಲದ ಮೇಲೆ ಮೂರು ಕಂಬಗಳ ತಲೆ ಸೇರಿಸಿ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ ಪ್ರೆಸ್ಸನ್ನು ಎತ್ತಿದರು. ಅಡಿಯಲ್ಲಿ ಅವನ ಟವಲ್ಲು ಸಿಕ್ಕಿತು. ನೆಲಕ್ಕೆ ಮೆತ್ತಿಕೊಂಡಿತ್ತು, ಹಾರೆಯಲ್ಲಿ ಕೆರೆದು ಬಿಡಿಸಬೇಕಾಯಿತು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೆಂಗಸರು ಕೂತಿದ್ದಲ್ಲಿಗೆ ಬಂದ.

"ಕದಿರಮ್ಮಕ್ಕಾ, ಎದ್ದು ಬಾ. ಹೊಸ ಶೆಡ್ಡಿನ ತನಕ ನಮ್ಮ ಜೊತೆ ನಡಿ. ಎಲ್ಲೆಲ್ಲಿ ಏನೇನು ಮುಚ್ಚಿದ್ದೀರೋ ಎಲ್ಲಾ ಹೇಳು. ಅಶ್ವತ್ಥೂ, ನೀನೂ ಬಾ."

ಹೆಂಗಸರು ತೋರಿಸಿದ ಕಡೆಯೆಲ್ಲ ಹಾರೆ ಹಾಕಿ ನೋಡಿದರು. ಗುಂಡಿಯನ್ನು ಬಿಟ್ಟು, ಸುತ್ತಿಕೊಂಡು ಹೋಗುವ ಹಾಗೆ ಹೊಸ ಗೆರೆ ಎಳೆದರು. ಪೈಪಿನ ಕೆಳಗೆ ದಪ್ಪ ಹಲಗೆ ಹಾಸಿದರು. ತಳ್ಳುವ ಮೊದಲು ಲಕ್ಷ್ಮೀನಾರಾಯಣ ಮತ್ತೆ ಕೇಳಿದ: "ವಾಲಿದ್ರೆ ಏನು ಮಾಡ್ತೀರಿ?"

"ಓಡ್ತೀವಿ ಸ್ವಾಮಿ" ಎಂದ ವೆಂಕಟರಾಯಪ್ಪ. "ಎಲ್ಲರಿಗಿಂತ ಮುಂದೆ ನಾನೇ."

ಈ ಸಲ ಯಾರೂ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸು ಹೊಸ ಶೆಡ್ಡಿನಲ್ಲಿ ಕೂತಿತ್ತು.

ಕಾರ್ಖಾನೆಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮಲ್ಲೂ ಒಂದು ದಿನ ಮಿಷನ್ನು ಜಾಗ ಬದಲಿಸುತ್ತದೆ. ಹತ್ತೇ ಹೆಜ್ಜೆ ಎಂದು ಹಗುರ ಮಾಡಬೇಡಿ. ಮೊದಲು ದಾರಿ ನೋಡಿ, ನೆಲ ಬಲ್ಲವರನ್ನು ಕೇಳಿ. ಅವರು ಕಸ ಗುಡಿಸುವವರೇ ಆಗಿರಲಿ. ಕೆಲಸವಿಲ್ಲದವರನ್ನು ದೂರ ಕಳಿಸಿ. ತಳ್ಳು ಎನ್ನುವ ಬಾಯಿ ಒಂದೇ ಇರಲಿ. ವಾಲಿದ್ದನ್ನು ಹಿಡಿಯಲು ಹೋಗಬೇಡಿ, ಅದು ನಿಮ್ಮ ಊರಿನ ಗಾಡಿಯಲ್ಲ. ಮಾಲೀಕರೇ, ಮೇಸ್ತ್ರಿಗಳೇ, ನಿಲ್ಲಿಸಿ ಎಂದವರನ್ನು ಗದರಬೇಡಿ.

ಇನ್ನು ನೋಡುತ್ತಾ ನಿಂತವರೇ, ಮನಸ್ಸಿಗೆ ಅನುಮಾನ ಬಂದರೆ ನಾಚಬೇಡಿ, ಕೂಗಿ. ಕೂಗಿದ್ದು ತಪ್ಪೇ ಆದರೆ ಐದು ನಿಮಿಷ ಕೆಲಸ ನಿಲ್ಲುತ್ತದೆ, ಎಲ್ಲರೂ ನಗುತ್ತಾರೆ. ನಗಲಿ ಬಿಡಿ. ನಗುವುದಕ್ಕೆ ಎಲ್ಲರೂ ಉಳಿದಿರುತ್ತಾರಲ್ಲ.