ಅಲುಗಿದ ಚಿತ್ರ

ಇನ್ನೊಂದು ಸಲ ಅಳು ಎಂದು ಅತ್ತೆಗೆ ಹೇಗೆ ಹೇಳುವುದು? ಅರಸೀಕೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಸಿದ್ಧಾರ್ಥ ಆ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದ್ದ. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಚೇರಿಯಲ್ಲಿ ದಿನವಿಡೀ ಟಿಪ್ಪಣಿ ಬರೆಯುವವನಿಗೆ ಒಂದು ವಾಕ್ಯ ಕೂಡಿಬರಲಿಲ್ಲ. ಹಾರನಹಳ್ಳಿ ಬಂದೇಬಿಟ್ಟಿತು.

ಅಪ್ಪ ಕರಿಯಯ್ಯ ಸತ್ತು ಇಪ್ಪತ್ತಾರು ದಿನ. ಅಂದು ಹೆಣದ ತಲೆದೆಸೆಯಲ್ಲಿ ಕೂತು ದೇವೀರಮ್ಮತ್ತೆ ಅಣ್ಣನ ಮೇಲೆ ಹಾಡು ಕಟ್ಟಿ ಅತ್ತಿದ್ದಳು. ಬೀದಿಯೇ ಅತ್ತಿತ್ತು. ಅವನು ಅಳಲಿಲ್ಲ. ಕ್ಯಾಮೆರಾ ಹಿಡಿದಿದ್ದ. ರಜೆಯ ದಿನ ಸಂಗೀತ ಕಛೇರಿಗಳಿಗೆ ಹೋಗಿ ಹಾಡುವವರ ಚಿತ್ರ ತೆಗೆಯುವುದು ಅವನ ಅಭ್ಯಾಸ. ಕ್ಯಾಮೆರಾವನ್ನೂ ಹಿಡಿಯದಿದ್ದರೆ ಕೈಗಳನ್ನು ಎಲ್ಲಿಡಬೇಕೆಂದು ಅವತ್ತು ಅವನಿಗೆ ತಿಳಿಯುತ್ತಿರಲಿಲ್ಲ.

ಅತ್ತೆ ಅಳುವ ಆ ಚಿತ್ರವನ್ನು ಹಳೇಬೀಡಿನ ಫೋಟೋ ಪ್ರದರ್ಶನಕ್ಕೆ ಕಳಿಸಿದ್ದ. ಈ ಸಲದ ವಿಷಯ, ಹಾಡಿನಲ್ಲಿ ದುಃಖ. ಗೋಡೆಗೇರಿದರೆ ತಾನು ಅಳದೆ ನಿಂತಿದ್ದಕ್ಕೆ ಒಂದು ಅರ್ಥ ಬರುತ್ತದೆ. ಆದರೆ ನಿನ್ನೆ ಬೇಲೂರಿನಿಂದ ಪ್ರದರ್ಶನದ ಇಂದ್ರೇಶ್ ಫೋನು ಮಾಡಿದ್ದರು.

“ಫೀಲಿಂಗ್ ಚೆನ್ನಾಗಿದೆ ಕಣ್ರೀ. ಆದ್ರೆ ಅಲುಗಿಬಿಟ್ಟಿದೆ. ಕೈ ನಡುಗಿದೆ ನಿಮ್ದು.”

“ಹೌದಾ ಸರ್.”

“ಆಯಮ್ಮ ಇದಾರಲ್ಲ, ಇನ್ನೊಂದ್ಸಲ ಹೊಡೀರಿ. ಸೋಮವಾರದೊಳಗೆ.”

ಅಪ್ಪನಿಗಾಗಿ ತನ್ನ ಮೈಯಲ್ಲಿ ಏನೋ ಅಲುಗಿತ್ತು ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಅದೊಂದೇ. ಅದನ್ನು ತಿದ್ದಲು ಹೊರಟಿದ್ದ.

ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹೇಗೋ ಕೇಳಿಬಿಟ್ಟ.

“ಸಾವಿಲ್ಲದ ಮನೇಲಿ ಆ ಹಾಡು ಹಾಡಬಾರ್ದು ಕಣ್ಲಾ.”

“ಅಪ್ಪನ ಮೇಲೇ ಹಾಡತ್ತೆ.”

“ಅವನ್ನ ಆಗ್ಲೇ ಹಾಡಿ ಕಳ್ಸಾಯ್ತು. ಎರಡ್ಸಲ ಕರದ್ರೆ ಹೋಗೋನು ನಿಂತ್ಕತಾನೆ.”

“ಸರಿ, ಬಾಯಿ ಮಾತ್ರ ಆಡ್ಸು. ಫೋಟೋದಲ್ಲಿ ದನಿ ಎಲ್ಲಿ ಕೇಳ್ಸುತ್ತೆ?”

ಅತ್ತೆ ನಕ್ಕಳು. “ಭಾರಿ ಓದ್ದೋನು ನೀನು. ನಿಮ್ಮಪ್ಪ ಇದ್ದಿದ್ರೆ ಕಾಲಿನ ಕೆರ ತಕಂತಿದ್ದ.”

ಬಾಯಿ ಆಡಿಸಿದಳು. ಹಲ್ಲುನೋವಿನವಳಂತೆ ಕಂಡಳು. ಕತ್ತಿನ ನರ ಏಳಲಿಲ್ಲ. ನಲವತ್ತು ಚಿತ್ರ, ಎಲ್ಲ ಸ್ಪಷ್ಟ, ಒಂದರಲ್ಲೂ ಏನೂ ಇಲ್ಲ.

“ದನಿ ತೆಗೀಲೇಬೇಕತ್ತೆ. ಒಂದೇ ನಿಮಿಷ.”

“ಬಾಯಿಂದ ಬಂದ್ಮೇಲೆ ಅದು ಒಬ್ರಿಗೆ ಸೇರ್ಬೇಕಲ್ಲೋ. ಯಾರ ಮೇಲೆ ಹಾಡ್ಲಿ?”

“ಯಾರ ಮೇಲಾದ್ರೂ ಆಗ್ಲಿ.”

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯ ಹುಣಸೆ ಅಂಟನ್ನು ಸೀರೆಗೆ ಒರೆಸಿಕೊಂಡಳು.

ಟಿ.ವಿ., ಕ್ಯಾಲೆಂಡರು ಚಿತ್ರದೊಳಗೆ ಬರಬಾರದೆಂದು ಅವನು ಅವಳ ಮೊಣಕಾಲ ಹತ್ತಿರ ನೆಲದ ಮೇಲೆ ಕ್ಯಾಮೆರಾ ಕಣ್ಣಿಗಿಟ್ಟು ಅಂಗಾತ ಮಲಗಿದ. ಮೇಲೆ ಅವಳ ಮುಖ, ಅದರ ಹಿಂದೆ ಕಪ್ಪು ತೊಲೆ ಮಾತ್ರ.

“ಬಸ್ಸಿಳ್ದು ಬಂದೋನೇ... ಒಂದ್ ತುತ್ತು ಉಣ್ಣದೆ ಮಲಗ್ದ್ಯಾ ನನ್ ಮಗನೇ... ಕೂಗಿದ್ರೂ ಓಗೊಡದೆ ಮಲಗ್ದ್ಯಾ...”

ನರ ಎದ್ದವು. ಅವನ ಬೆರಳು ಕ್ಯಾಮೆರಾದ ಗುಂಡಿ ಒತ್ತಿತು. ಯಾರ ಮೇಲಿನ ಹಾಡೆಂದು ಅವನಿಗೆ ತಿಳಿಯುವಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು.

“ಅಯ್ಯೋ, ಯಾರೇ ದೇವೀರಿ? ಯಾರೇ ಹೋದ್ರು?” ಪಕ್ಕದ ಮನೆಯ ಹುಚ್ಚಮ್ಮ. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ.

ಅತ್ತೆ ನಿಲ್ಲಿಸಲಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿದ್ದ ಆಕಾರ ಮುದುಕಿಗೆ ಸಾಕಾಯಿತು. ಕುಕ್ಕರುಗಾಲಲ್ಲಿ ಕೂತು ಹಾಡಿನ ಕೊನೆ ಹಿಡಿದುಕೊಂಡಳು. ಬಾಗಿಲಲ್ಲಿ ಇನ್ನೂ ಮೂರ್ನಾಲ್ಕು ಹೆಂಗಸರು ಸೆರಗು ಬಾಯಿಗೊತ್ತಿ ನಿಂತರು.

ಏಳಬೇಕು. ಇಲ್ಲ ಅಜ್ಜಿ, ಇದು ಫೋಟೋಕ್ಕೆ ಅನ್ನಬೇಕು. ಎದ್ದರೆ ಚಿತ್ರ ಹೋಗುತ್ತದೆ. ಇಂಥದ್ದು ಮತ್ತೆ ಸಿಗದು. ಅವನು ಉಸಿರು ಬಿಗಿಹಿಡಿದ.

ಮುದುಕಿಯ ಅಂಗೈ ಅವನ ಮುಖದ ಮೇಲೆ ಇಳಿದು ಬಂತು. ರೆಪ್ಪೆ ಮುಚ್ಚಲು ತಡಕಾಡಿ, ಲೆನ್ಸಿನ ಗಾಜಿನ ಮೇಲೆ ಮೆತ್ತಗೆ ಕೂತಿತು. ಅವನು ಒತ್ತುತ್ತಲೇ ಇದ್ದ.