ಬೋಟಿನ ಹೊಟ್ಟೆಯಲ್ಲಿ ಫ್ರಿಜ್ಜು

ನನ್ನ ಗಂಡ ದ್ವಾರಕಾನಾಥರಿಗೆ ಈಜು ಬರುವುದಿಲ್ಲ. ಬೋಟು ಕೊಳ್ಳುವುದಕ್ಕೆ ಅದೊಂದು ಅಡ್ಡಿಯೆಂದು ಅವರಿಗೆ ಅನ್ನಿಸಲೇ ಇಲ್ಲ. ಮೈಸೂರಿನಲ್ಲಿ ಇದ್ದಷ್ಟು ದಿನ ಕುಕ್ಕರಹಳ್ಳಿ ಕೆರೆಯನ್ನು ಏರಿಯ ಮೇಲಿಂದಲೇ ನೋಡಿಕೊಂಡು ಬಂದ ಮನುಷ್ಯ, ಮೆನ್ಲೋ ಪಾರ್ಕಿನ ತಮ್ಮ ಆಫೀಸಿನಲ್ಲಿ ಯಾರೋ ಹಳೆಯ ಹಾಯಿದೋಣಿ ಮಾರುತ್ತಾರೆಂದು ಕೇಳಿದ್ದೇ ತಡ, ತಂದು ನಮ್ಮೂರಿನ ಮರೀನಾದಲ್ಲಿ ಕಟ್ಟಿಹಾಕಿದರು. ನಮ್ಮೂರು ಎಂದರೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋ. ಮಧ್ಯಾಹ್ನವಾದರೆ ಗುಡ್ಡದ ಮೇಲಿಂದ ಮಂಜು ಇಳಿಯುತ್ತದೆ, ಹಿಂದೆಯೇ ಗಾಳಿ ಬರುತ್ತದೆ, ಜುಲೈ ತಿಂಗಳಲ್ಲೂ ಸ್ವೆಟರು ಬಿಚ್ಚುವಂತಿಲ್ಲ. ಇಂಥ ಊರಿನಲ್ಲಿ, ಇಂಥ ಬೋಟಿನೊಳಗೆ, ಅವರು ಫ್ರಿಜ್ಜು ಕೂರಿಸಲು ಹೊರಟರು.

"ಹೊರಗಡೆ ಇಟ್ರೇನೇ ತಣ್ಣಗಾಗುತ್ತಲ್ರೀ," ಎಂದೆ.

"ನಿನಗೆ ಗೊತ್ತಾಗಲ್ಲ ಕಣೇ. ಬಿಲ್ಟ್-ಇನ್ನು ಅಂದ್ರೆ ಅದರ ಗತ್ತೇ ಬೇರೆ," ಎಂದರು. ಎಂಜಿನಿಯರುಗಳಿಗೆ ಉತ್ತರ ಹೊಳೆಯದಿದ್ದಾಗ ಹೆಂಡತಿಗೆ ಗೊತ್ತಾಗುವುದಿಲ್ಲ.

ಬೋಟಿನ ಹಿಂಭಾಗದಲ್ಲಿ ಕೂರುವ ಬೆಂಚಿನ ಕೆಳಗೆ ಹಗ್ಗ, ಹಳೆಯ ಹಾಯಿ, ಲೈಫ್ ಜಾಕೆಟ್ಟು ತುರುಕುವ ಒಂದು ದೊಡ್ಡ ಗೂಡು ಇತ್ತು. ಅದನ್ನು ಖಾಲಿ ಮಾಡಿ ಆ ಸಾಮಾನನ್ನೆಲ್ಲ ನಮ್ಮ ಗೆಸ್ಟ್ ರೂಮಿಗೆ ಸಾಗಿಸಿದರು. ಗೂಡಿನ ನಡುವೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ, ಒಂದು ಕಡೆ ದಪ್ಪ ಫೋಮು ಅಂಟಿಸಿ ತಣ್ಣನೆಯ ಪೆಟ್ಟಿಗೆ ಮಾಡಿದರು, ಇನ್ನೊಂದು ಕಡೆ ಕಂಪ್ರೆಸರು ಇಟ್ಟರು. ಬೆಂಚಿನ ಹಲಗೆಯೇ ಎರಡಕ್ಕೂ ಮುಚ್ಚಳ. ಒಂದು ಹನಿ ನೀರು ಒಳಗೆ ಹೋಗಬಾರದೆಂದು ಸುತ್ತ ರಬ್ಬರು ಬಡಿದು, ಇದ್ದಬದ್ದ ಸಂದುಗಳಿಗೆಲ್ಲ ಮೇಣದಂಥದ್ದೇನೋ ಮೆತ್ತಿದರು. ಪ್ರತಿ ಶನಿವಾರ ಇದೇ ಕೆಲಸ. ಹುಬ್ಬಳ್ಳಿಯ ವೀರಣ್ಣ, ಇವರ ಆಫೀಸಿನವರೇ, ಸಹಾಯಕ್ಕೆ ಬರುತ್ತಿದ್ದರು. ಸಹಾಯ ಎಂದರೆ ದಡದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ "ಹಂಗ ಬ್ಯಾಡೋ ಮಾರಾಯಾ, ಹಿಂಗ ಹಿಡಿ" ಅನ್ನುವುದು.

ಅವರಿಗೆ ಬೋಟಿನ ಚಿಂತೆಯಾದರೆ ನನಗೆ ಇಡ್ಲಿಯದು. ಹಿಂದಿನ ವರ್ಷದ ದೀಪಾವಳಿಗೆ ನಮ್ಮ ಕನ್ನಡದವರೆಲ್ಲ ಸ್ಯಾನ್ ಮಟೇಯೊದ ಒಂದು ಶಾಲೆಯ ಹಾಲಿನಲ್ಲಿ ಸೇರಿದಾಗ ಇಡ್ಲಿಯ ಪಾಳಿ ನನ್ನದಾಗಿತ್ತು. ನಮ್ಮ ಮನೆಯ ಚಳಿಗೆ ಹಿಟ್ಟು ಎರಡು ದಿನ ಇಟ್ಟರೂ ಮಿಸುಕಾಡುವುದಿಲ್ಲ. ಗ್ಯಾಸ್ ಒಲೆ ಇದ್ದವರು ಓವನ್ನಿನ ಪುಟ್ಟ ಉರಿಯ ಪಕ್ಕ ಇಟ್ಟು ಉಬ್ಬಿಸುತ್ತಾರೆ, ನಮ್ಮದು ಕರೆಂಟಿನ ಒಲೆ. ಓವನ್ನು ಬಿಸಿ ಮಾಡಿ ಒಳಗಿಟ್ಟರೆ ಅಂಚೆಲ್ಲ ಬೆಂದು ನಡುವೆ ಗಂಜಿಯಾಗುತ್ತದೆ. ಅಂತೂ ಆ ದಿನ ಬಡಿಸಿದ್ದು ಇಡ್ಲಿಯ ಆಕಾರದ ಬಿಲ್ಲೆಗಳು. ವೀರಣ್ಣ ಒಂದನ್ನು ಕೈಯಲ್ಲಿ ತೂಗಿ ನೋಡಿ, "ದ್ವಾರಕಾನಾಥ, ಬೋಟಿಗೆ ಲಂಗರ ಬ್ಯಾರೆ ಕೊಳ್ಳಬ್ಯಾಡೋ. ವೈನಿ ಮಾಡ್ಯಾರ," ಎಂದರು. ಹಾಲಿಗೆ ಹಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಡಬ್ಲಿನ್ನಿನ ಇಂದು. ಐರ್ಲೆಂಡಿನದಲ್ಲ, ನಮ್ಮ ಬೆಟ್ಟದಾಚೆಯ ಈ ಡಬ್ಲಿನ್ನು ಬಿಸಿಲಿನ ಊರು, ಅಲ್ಲಿ ಹಿಟ್ಟು ಯಾರ ಅಪ್ಪಣೆಯನ್ನೂ ಕೇಳದೆ ಉಬ್ಬುತ್ತದೆ. ಅದನ್ನು ಆ ಮಹಾತಾಯಿ ತನ್ನ ಕೈಗುಣ ಎಂದುಕೊಂಡಿದ್ದಳು.

ಈ ವರ್ಷವೂ ಇಡ್ಲಿ ನಂದೇ ಎಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ಮತ್ತೆ ಅದೇ ನಗು ಕೇಳಬೇಕಾಗಿ ಬಂದರೆ ಆ ಹಾಲಿನ ಮೆಟ್ಟಿಲು ಮುಂದೆಂದೂ ಹತ್ತಬಾರದೆಂದು ನಿರ್ಧರಿಸಿದ್ದೆ. ಹಟ ಬಿಟ್ಟರೆ ನನ್ನ ಬಳಿ ಬೇರೆ ಉಪಾಯವೇನೂ ಇರಲಿಲ್ಲ.

ಅಷ್ಟರಲ್ಲಿ ಲಟ್ಟಣಿಗೆ ಕಾಣೆಯಾಯಿತು. ಫೋಮು ಒತ್ತಿ ಅಂಟಿಸಲು ಯಾರು ಒಯ್ದಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ನಾನು ಕೆಲಸ ಮಾಡುವ ಲ್ಯಾಬು ಮರೀನಾದ ಬಗಲಿಗೇ ಇದೆ, ಲಂಚಿನ ಹೊತ್ತಿಗೆ ಹೋಗಿ ಬೆಂಚಿನ ಹಲಗೆ ಎತ್ತಿದೆ. ಮುಖಕ್ಕೆ ಬಳ್ಳಾರಿಯ ಏಪ್ರಿಲ್ ತಿಂಗಳು ಬಡಿಯಿತು. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ, ಕಂಪ್ರೆಸರಿನ ಗೂಡಿನಲ್ಲಿ ಬಾಣಂತಿ ಕೋಣೆಯ ಶಾಖ. ಪಕ್ಕದ ತಣ್ಣನೆಯ ಪೆಟ್ಟಿಗೆಗೆ ಕೈ ಹಾಕಿದೆ. ಬಿಯರಿನ ಬಾಟಲಿಗಳು ಉಗುರುಬೆಚ್ಚಗೆ ಮಲಗಿದ್ದವು.

ಕಾರಣ ನೋಡಿದ ಕೂಡಲೇ ತಿಳಿಯಿತು. ಮನೆಗೆ ಫ್ರಿಜ್ಜು ತಂದ ದಿನ, ಅದನ್ನು ಇಳಿಸಿದವನು ಗೋಡೆಯಿಂದ ನಾಲ್ಕು ಬೆರಳು ಈಚೆಗೆಳೆದು, ಬೆನ್ನಿಗೆ ಗಾಳಿ ಬೇಕೆಂದು ಹೇಳಿ ಹೋಗಿದ್ದ. ಇವರು ಬೆನ್ನು, ಹೊಟ್ಟೆ, ಮೂಗು ಎಲ್ಲವನ್ನೂ ಮುಚ್ಚಿ ಕಂಪ್ರೆಸರನ್ನು ಉಸಿರುಗಟ್ಟಿಸಿದ್ದರು. ಬೆಂಚಿನ ಹೊರಗೋಡೆಗೆ ಎರಡು ತೂತು ಕೊರೆದು ಜಾಲರಿ ಬಡಿದರೆ ಬಿಸಿಯೆಲ್ಲ ಹೊರಟುಹೋಗುತ್ತದೆ, ಬಿಯರು ತಣ್ಣಗಾಗುತ್ತದೆ. ಪತಿವ್ರತೆಯಾದವಳು ಸಂಜೆಯೇ ಗಂಡನಿಗೆ ಇದನ್ನು ಹೇಳಬೇಕಿತ್ತು. ನಾನು ಲಟ್ಟಣಿಗೆಯನ್ನು ಬ್ಯಾಗಿಗೆ ಹಾಕಿಕೊಂಡು, ಹಲಗೆಯನ್ನು ಮೊದಲಿನಂತೆ ಮುಚ್ಚಿ ಲ್ಯಾಬಿಗೆ ಬಂದೆ.

ಮಾರನೆಯ ದಿನ ಹಿಟ್ಟು ರುಬ್ಬಿ, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ, ಕೆಲಸಕ್ಕೆ ಹೋಗುವಾಗ ಗೂಡಿನೊಳಗೆ ಕಂಪ್ರೆಸರಿನ ಪಕ್ಕ ಇಟ್ಟೆ. ಸಂಜೆ ನೋಡಿದರೆ ಹಿಟ್ಟು ಮುಚ್ಚಳವನ್ನೇ ಎತ್ತಿ ಹಿಡಿದಿತ್ತು. ಸೌಟು ಇಳಿಸಿದರೆ ಬುಸ್ಸೆಂದಿತು. ಈ ಊರಿಗೆ ಬಂದ ಮೂರು ವರ್ಷದಿಂದ ಆ ಸದ್ದನ್ನು ಕೇಳಿರಲಿಲ್ಲ. ಅಲ್ಲೇ ಬೋಟಿನಲ್ಲಿ ಕೂತು, ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ನಕ್ಕುಬಿಟ್ಟೆ. ಮನೆಗೆ ಬಂದು ಮಾಡಿದ ಇಡ್ಲಿಯನ್ನು ಇವರು ಒಂದೂ ಮಾತಾಡದೆ ಎಂಟು ತಿಂದರು. ಹಿಟ್ಟು ಎಲ್ಲಿಂದ ಬಂತೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಇನ್ನು ಇವರು ಗೂಡಿಗೆ ತೂತು ಕೊರೆಯದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. "ಫ್ರಿಜ್ಜು ಹೇಗಿದೆ?" ಎಂದು ಆಗಾಗ ಕೇಳುತ್ತಿದ್ದೆ. "ಫಸ್ಟ್ ಕ್ಲಾಸು. ಕೈ ಇಟ್ರೆ ಮರಗಟ್ಟಿ ಹೋಗುತ್ತೆ," ಎನ್ನುತ್ತಿದ್ದರು. ಸುಳ್ಳು ಹೇಳುವಾಗ ಇವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಒಂದು ಶನಿವಾರ ವೀರಣ್ಣನಿಗೆ ಫ್ರಿಜ್ಜು ತೋರಿಸುವ ಕಾರ್ಯಕ್ರಮವಿತ್ತು. ಬೆಳಿಗ್ಗೆಯೇ ಇವರು ಗ್ರೋಸರಿಯಿಂದ ಐಸಿನ ಚೀಲ ತಂದು, ಕಾರಿನ ಡಿಕ್ಕಿಯಲ್ಲಿ ಕಂಬಳಿ ಹೊದಿಸಿ ಒಯ್ದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಸಂಜೆ ವೀರಣ್ಣ ನಮ್ಮ ಮನೆಗೆ ಬಂದು, "ಏನ್ ಥಂಡಿ ಅದ ವೈನಿ! ಬಾಟ್ಲಿ ಹಿಡಿದ್ರ ಬೆರಳ ಸೆಡೀತಾವ. ಅಂವ ಎಂಜಿನಿಯರ್ ಅಂದ್ರ ಎಂಜಿನಿಯರ್," ಎಂದು ಹೊಗಳಿದರು. ಇವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಈ ಹೊಗಳಿಕೆ ಮುಂದಿನ ವಾರದೊಳಗೆ ಡಬ್ಲಿನ್ನಿನವರೆಗೂ ಹೋಗಿ ತಲುಪಿತು.

ದೀಪಾವಳಿಯ ಊಟದ ಹಿಂದಿನ ಸಂಜೆ ಲ್ಯಾಬಿನಲ್ಲಿ ಏನೋ ಕೆಲಸ ಉಳಿದಿದೆ ಎಂದು ಹೇಳಿ, ಎರಡು ದೊಡ್ಡ ಪಾತ್ರೆ ಹಿಟ್ಟನ್ನು ಬೋಟಿಗೆ ಸಾಗಿಸಿದೆ. ಬೆಳಿಗ್ಗೆ ಹೋಗಿ ತಂದೆ. ಶಾಲೆಯ ಅಡುಗೆಮನೆಯಲ್ಲಿ ಮೊದಲ ತಟ್ಟೆ ಇಳಿಸಿ ಬಗ್ಗಿ ನೋಡಿದೆ. ಇಡ್ಲಿ ಮಲ್ಲಿಗೆಯಂತೆ ಅರಳಿತ್ತು. ಬಡಿಸಿದ್ದು ಬಡಿಸಿದಂತೆ ಖಾಲಿಯಾಯಿತು. ವೀರಣ್ಣ ತೂಗಿ ನೋಡಲು ಎತ್ತಿಕೊಂಡದ್ದನ್ನು ಹಾಗೇ ಬಾಯಿಗೆ ಹಾಕಿಕೊಂಡು, ಮತ್ತೆ ತಟ್ಟೆ ಚಾಚಿದರು.

ಡಬ್ಲಿನ್ನಿನ ಇಂದು ತನ್ನ ಮೂರನೆಯ ಇಡ್ಲಿಯನ್ನು ಬೆರಳಿನಲ್ಲಿ ಒತ್ತಿ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಳು: "ನಿಜ ಹೇಳಿ ಊರ್ಮಿಳಾ. ನಮ್ಮ ಕಡೆ ಯಾರ ಹತ್ರ ಹಿಟ್ಟು ಮಾಡಿಸ್ಕೊಂಡ್ರಿ? ನಿಮ್ಮೂರಿನ ಫಾಗಲ್ಲಿ ಇದು ಆಗೋ ಮಾತಾ?"

"ನಾನೇ ರುಬ್ಬಿದ್ದು," ಎಂದೆ.

"ರುಬ್ಬಿರಬಹುದು. ಉಬ್ಬಿದ್ದೆಲ್ಲಿ?"

ಸುತ್ತ ಇದ್ದವರು ತಿನ್ನುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ ಇವರ ಫ್ರಿಜ್ಜಿನ ಮಾನ ಹೋಗುತ್ತಿತ್ತು. ಇವರು ಅದೇ ಟೇಬಲಿನ ತುದಿಯಲ್ಲಿ ಯಾರಿಗೋ ಆ ಫ್ರಿಜ್ಜಿನ ವರ್ಣನೆ ಮಾಡುತ್ತ ಕೂತಿದ್ದರು. ಮನೆಯಲ್ಲಿ ನಾನು ಎಷ್ಟು ಬೇಕಾದರೂ ಗೇಲಿ ಮಾಡುತ್ತೇನೆ, ಅದು ನನ್ನ ಹಕ್ಕು. ಇಂದುವಿನ ಬಾಯಿಗೆ ಇವರನ್ನು ಹಾಕಲು ಮನಸ್ಸು ಒಪ್ಪಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂದರೂ ಸುಮ್ಮನೆ ನಿಂತೆ. "ನೋಡಿದ್ರಾ!" ಎಂದು ಇಂದು ಪಕ್ಕದವಳನ್ನು ತಿವಿದಳು.

"ನಮ್ಮ ಬೋಟಲ್ಲಿ," ಎಂದಿತು ಇವರ ಧ್ವನಿ.

ಎಲ್ಲರೂ ಆ ಕಡೆ ತಿರುಗಿದರು. ಇವರು ಎದ್ದು ನಿಂತಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು.

"ನಾನು ಮಾಡಿದ ಫ್ರಿಜ್ಜು ತಣ್ಣಗಾಗಲ್ಲ. ಅದೊಂದು ಓವನ್ನು. ವೀರಣ್ಣಂಗೆ ತೋರಿಸಿದ್ದು ಗ್ರೋಸರಿ ಐಸು. ಊರ್ಮಿಳಾ ಅದರೊಳಗೆ ಹಿಟ್ಟು ಇಟ್ಟು ಉಬ್ಬಿಸಿದ್ದಾಳೆ. ಹಿಟ್ಟೂ ಅವಳದೇ, ಇಡ್ಲೀನೂ ಅವಳದೇ."

ಹಾಲಿನ ಸೂರು ಹಾರಿಹೋಗುವ ಹಾಗೆ ನಗು ಎದ್ದಿತು. "ಲೇ ಕಳ್ಳಾ!" ಎಂದು ವೀರಣ್ಣ ಇವರ ಬೆನ್ನಿಗೆ ಗುದ್ದಿದರು. "ನನಗ ಐಸು ಹಾಕಿ ಮಂಗ್ಯಾ ಮಾಡಿದೇನೋ! ಇನ್ನ ಬೋಟಿನ್ಯಾಗ ಬಟ್ಟಿನೂ ಒಣಗಸ್ರಪಾ." ಊಟ ಮುಗಿಯುವವರೆಗೂ ಜನ ಬಂದು ಬಂದು ಇವರನ್ನು ಗೋಳುಹೊಯ್ದುಕೊಂಡರು. ಇವರು ಕೆಂಪಗಾಗಿ ಕೂತು ಇಡ್ಲಿ ತಿನ್ನುತ್ತಲೇ ಇದ್ದರು. ಇಂದುವಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಡೇಲಿ ಸಿಟಿಯ ಶೈಲಜಾ ಮಾತ್ರ ಮೆಲ್ಲಗೆ ನನ್ನ ಬಳಿ ಬಂದು, ನಿಮ್ಮವರು ನಮಗೂ ಅಂಥದ್ದೊಂದು ಮಾಡಿಕೊಡುತ್ತಾರಾ ಎಂದು ಕೇಳಿದಳು.

ಖಾಲಿ ಪಾತ್ರೆಗಳನ್ನು ಕಾರಿಗೆ ಹಾಕಿಕೊಂಡು ಫ್ರೀವೇ ಹತ್ತಿದೆವು. ಎದೆ ತುಂಬಿ ಬಂದಿತ್ತು, ಜೊತೆಗೆ ಮೈಯೆಲ್ಲ ನಾಚಿಕೆ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

"ಕದ್ದು ಇಡೋ ಪಾತ್ರೆ ಮೇಲೆ ಹೆಸರು ಇರಬಾರದು ಕಣೇ. ನಿಮ್ಮಪ್ಪ ಮದುವೇಲಿ ಕೊಟ್ಟ ಪಾತ್ರೆ ಎಲ್ಲದರ ಮೇಲೂ ಊರ್ಮಿಳಾ, ಊರ್ಮಿಳಾ ಅಂತ ಕೊರೆಸಿದ್ದಾರೆ."

"ರೀ, ಆ ಗೂಡಿಗೆ ಎರಡು ತೂತು ಕೊರೀರಿ. ಗಾಳಿ ಆಡಿದ್ರೆ ತಣ್ಣಗಾಗುತ್ತೆ. ನನಗೆ ಮೊದಲೇ ಗೊತ್ತಿತ್ತು."

"ನನಗೂ ಗೊತ್ತಾಗಿತ್ತು. ಆಫೀಸಿಂದ ಬರ್ತಾ ಡ್ರಿಲ್ ತಗೊಂಡೇ ಹೋಗಿದ್ದೆ. ಹಲಗೆ ಎತ್ತಿದೆ, ಟವೆಲು ಸರಿಸಿದ್ರೆ ನಿನ್ನ ಪಾತ್ರೆ ಕಾಣಿಸ್ತು. ಮುಚ್ಚಿ ಬಂದೆ."

"ಯಾವಾಗ?"

"ಆ ದಿನ ಎಂಟು ಇಡ್ಲಿ ತಿಂದೆನಲ್ಲ, ಅವತ್ತು."

ಅಂದರೆ ಅಷ್ಟೂ ವಾರ ಇವರು ಬೆಚ್ಚನೆಯ ಬಿಯರು ಕುಡಿದಿದ್ದರು, ಕದ್ದು ಐಸು ಹೊತ್ತಿದ್ದರು, ನಾನು ಬೇಕೆಂದೇ ಕೇಳಿದಾಗಲೆಲ್ಲ ಫಸ್ಟ್ ಕ್ಲಾಸು ಎಂದಿದ್ದರು. ನಾನು ಅವರ ತೋಳಿಗೆ ತಲೆ ಒರಗಿಸಿದೆ.

"ಹಾಗಿದ್ರೆ ಬೇಸಿಗೆ ಬಂದ ಮೇಲೆ ಕೊರೆಯೋಣ," ಎಂದೆ.

"ನಮ್ಮೂರಲ್ಲಿ ಬೇಸಿಗೆ ಯಾವತ್ತು ಬಂದಿದೆ?" ಎಂದರು.

"ಅದಕ್ಕೇ ಹೇಳಿದ್ದು."